ಮೂರೇ ಚಾನೆಲ್ಲಾ? ದಿನವಿಡೀ ಏನ್ ನೋಡ್ತಿದ್ರಿ?

ಯುಗಾದಿಗೋ ದೀಪಾವಳಿಗೋ ಇಲ್ಲಿಯ ಕನ್ನಡದವರು ಸೇರಿದಾಗ ನನ್ನ ಪಕ್ಕ ಊಟಕ್ಕೆ ಕೂತ ಹುಡುಗರು ಈ ಪ್ರಶ್ನೆ ಕೇಳೇ ಕೇಳುತ್ತಾರೆ. "ಅಂಕಲ್, ನೀವು ಬಂದಾಗ ಇಂಗ್ಲೆಂಡಲ್ಲಿ ಮೂರೇ ಚಾನೆಲ್ ಇತ್ತಂತೆ. ದಿನವಿಡೀ ಏನ್ ನೋಡ್ತಿದ್ರಿ? ಬೇಜಾರಾಗ್ತಿರಲಿಲ್ವಾ?" ಪೂರ್ತಿ ಉತ್ತರ ಹೇಳಲು ಹೊರಟರೆ ಚಿತ್ರಾನ್ನ ಆರಿಹೋಗುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ದಿನವಿಡೀ ಟಿವಿ ಇರಲೇ ಇಲ್ಲ. ಅದು ನಮಗಿಂತ ತಡವಾಗಿ ಏಳುತ್ತಿತ್ತು, ಮಧ್ಯಾಹ್ನ ಇನ್ನೊಂದು ನಿದ್ದೆ ತೆಗೆಯುತ್ತಿತ್ತು, ರಾತ್ರಿ ನಮ್ಮನ್ನು ಮಲಗಿಸಿ ತಾನೂ ಮಲಗುತ್ತಿತ್ತು. ಇದೇನು ಬಡತನದಿಂದಲ್ಲ. ವಾರಕ್ಕೆ ಇಂತಿಷ್ಟೇ ಗಂಟೆ ಎಂದು ಸರ್ಕಾರವೇ ಮಿತಿ ಹಾಕಿತ್ತು. ಐವತ್ತು ಚಿಲ್ಲರೆ ಗಂಟೆ. ಶಾಲೆಯ ಪಾಠ, ಧರ್ಮದ ಕಾರ್ಯಕ್ರಮ, ಮೈದಾನದಿಂದ ನೇರ ಪ್ರಸಾರ, ಇವಕ್ಕೆಲ್ಲ ಬೇರೆ ಲೆಕ್ಕ. ಈ ಮಿತಿ ಹೋಗಿದ್ದು 1972ರ ಜನವರಿಯಲ್ಲಿ. ಆಮೇಲೂ ಚಾನೆಲ್‌ನವರಿಗೆ ಮಧ್ಯಾಹ್ನ ತುಂಬಿಸಿಕೊಳ್ಳಲು ಅಕ್ಟೋಬರ್‌ವರೆಗೆ ಬೇಕಾಯಿತು.

ನಾನು ಬಂದಿದ್ದು 1971ರ ಫೆಬ್ರವರಿಯಲ್ಲಿ, ಲ್ಯಾಂಕಾಶೈರ್‌ನ ಒಂದು ಗಿರಣಿ ಊರಿನ ಆಸ್ಪತ್ರೆಗೆ. ಬೆಂಗಳೂರಲ್ಲಿ ಡಾಕ್ಟರಿಕೆ ಓದಿ ಮುಗಿಸಿದ್ದರೂ ಟಿವಿ ಅನ್ನುವುದನ್ನು ಕಣ್ಣಾರೆ ಕಂಡಿರಲಿಲ್ಲ. ನಮ್ಮೂರಿಗೆ ದೂರದರ್ಶನ ಕೇಂದ್ರ ಬರಲು ಇನ್ನೂ ಹತ್ತು ವರ್ಷಕ್ಕೂ ಹೆಚ್ಚು ಬಾಕಿ. ಡಾಕ್ಟರುಗಳ ಮೆಸ್ಸಿನಲ್ಲಿ ಒಂದು ಕಲರ್ ಟಿವಿ ಇತ್ತು. ಆ ಮೂರು ಚಾನೆಲ್ ಅಂದರೆ ಬಿಬಿಸಿ ಒಂದು, ಬಿಬಿಸಿ ಎರಡು, ಐಟಿವಿ. ಬಿಬಿಸಿ ಒಂದು ಮತ್ತು ಐಟಿವಿಯಲ್ಲಿ ಬಣ್ಣ ಶುರುವಾಗಿ ಆಗಿನ್ನೂ ಒಂದೂಕಾಲು ವರ್ಷ. ಬಣ್ಣದ ಟಿವಿ ಇದ್ದ ಮನೆ ಬೀದಿಗೊಂದು ಸಿಕ್ಕರೆ ಹೆಚ್ಚು.

ನನ್ನ ಪಾಲಿಗೆ ಜಾಸ್ತಿ ಬರುತ್ತಿದ್ದದ್ದು ರಾತ್ರಿ ಡ್ಯೂಟಿ. ಬೆಳಿಗ್ಗೆ ಒಂಬತ್ತಕ್ಕೆ ಬಂದರೆ ನಿದ್ದೆ ಹತ್ತಿರ ಸುಳಿಯದು. ಟಿವಿ ಹಾಕಿದರೆ ಅಲ್ಲಿ ಒಬ್ಬ ಹುಡುಗಿ. ಕೂದಲಿಗೆ ಕೆಂಪು ಪಟ್ಟಿ, ಕೈಯಲ್ಲಿ ಸೀಮೆಸುಣ್ಣ, ಪಕ್ಕದಲ್ಲಿ ಬಟ್ಟೆಯ ಬಫೂನ್ ಗೊಂಬೆ, ಮುಂದೆ ಕಪ್ಪು ಹಲಗೆ. ಹಲಗೆಯ ಮೇಲೆ ಸೊನ್ನೆ, ಇಂಟುವಿನ ಆಟ. ಸುತ್ತಲೂ ಬಣ್ಣದ ಪಟ್ಟಿಗಳು, ಗೆರೆಗಳು. ಹಿಂದೆ ಯಾವುದೋ ಸಂಗೀತ. ಆಕೆ ಮಿಸುಕುವುದಿಲ್ಲ. ಆಟವೂ ಮುಂದೆ ಹೋಗುವುದಿಲ್ಲ. ಇದಕ್ಕೆ ಟೆಸ್ಟ್ ಕಾರ್ಡ್ ಎಂದು ಹೆಸರು. ಟಿವಿ ರಿಪೇರಿಯವರು ಹುಡುಗಿಯ ಮೈಬಣ್ಣ ನೋಡಿ ಸೆಟ್ಟಿನ ಬಣ್ಣ ಸರಿಮಾಡುತ್ತಿದ್ದರು. ಹಲಗೆಯ ಮೇಲಿನ ಇಂಟು ಇದೆಯಲ್ಲ, ಅದು ಪರದೆಯ ಸರಿಯಾದ ನಡು. ಗೊಂಬೆಗೆ ಹಸಿರು ಬಟ್ಟೆ ಸುತ್ತಿದ್ದೂ ಚಿತ್ರದಲ್ಲಿ ಹಸಿರು ಕಡಿಮೆ ಬಿತ್ತು ಅಂತಲೇ. ಆ ಹುಡುಗಿಯ ಮುಖವನ್ನು ನಾನು ನನ್ನ ತಂಗಿಯ ಮುಖಕ್ಕಿಂತ ಹೆಚ್ಚು ಹೊತ್ತು ನೋಡಿರಬೇಕು.

ಬಿಬಿಸಿ ಒಂದರಲ್ಲಿ ಶಾಲೆಯ ಪಾಠಗಳು. ಪಾಠ ಶುರುವಾಗುವ ಮೊದಲು ಒಂದು ಚಕ್ರ ತೋರಿಸುತ್ತಿದ್ದರು. ಒಬ್ಬಟ್ಟನ್ನು ಹೋಳು ಹೋಳಾಗಿ ಯಾರೋ ತಿಂದಂತೆ ಅದು ಮಾಯವಾಗಬೇಕು. ಮುಗಿದರೆ ಪಾಠ ಶುರು. ಬಿಬಿಸಿ ಎರಡರಲ್ಲಿ ಹನ್ನೊಂದಕ್ಕೆ ಪುಟ್ಟ ಮಕ್ಕಳ ಕಾರ್ಯಕ್ರಮ, ಪ್ಲೇ ಸ್ಕೂಲ್. ಅದರಲ್ಲಿ ಮೂರು ಕಿಟಕಿ. ದುಂಡನೆಯದು, ಚೌಕದ್ದು, ಕಮಾನಿನದು. ಕ್ಯಾಮೆರಾ ಒಂದು ಕಿಟಕಿಯೊಳಗೆ ನುಗ್ಗಿದರೆ ಆಚೆ ಒಂದು ಪುಟ್ಟ ಚಿತ್ರ, ಬೇಕರಿಯದೋ ಬಂದರಿನದೋ. ಇವತ್ತು ಯಾವ ಕಿಟಕಿ ಎಂದು ನಾನೂ ಲಾಹೋರಿನಿಂದ ಬಂದಿದ್ದ ಗೆಳೆಯನೂ ಬೆಟ್ಟು ಕಟ್ಟುತ್ತಿದ್ದೆವು. ಸೋತವನು ಟೀ ಮಾಡಬೇಕು. ಇಬ್ಬರೂ ಎಂಬಿಬಿಎಸ್! ಇಪ್ಪತ್ತು ನಿಮಿಷಕ್ಕೆ ಅದೂ ಮುಗಿಯಿತು, ಮತ್ತೆ ಹುಡುಗಿ, ಗೊಂಬೆ, ಹಲಗೆ. ನಡುವೆ ಕಲರ್ ಸಿನಿಮಾ ತುಣುಕುಗಳು. ಅಂಗಡಿಯವರು ಗಿರಾಕಿಗೆ ಬಣ್ಣ ತೋರಿಸಲಿ ಎಂದು ಬಿಬಿಸಿ ಎರಡು ಹಗಲಲ್ಲಿ ಹಾಕುತ್ತಿದ್ದ ಡಾಕ್ಯುಮೆಂಟರಿಗಳು. ಬಹಳಷ್ಟು ಪೆಟ್ರೋಲ್ ಕಂಪನಿಗಳು ತೆಗೆಸಿದ್ದು. ಇಟಲಿಯ ಒಂದು ಪೆಟ್ರೋಲ್ ಬಂಕಿನ ಹುಡುಗಿಯ ಕಥೆಯನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. 1973ರ ಆಗಸ್ಟ್‌ನಲ್ಲಿ ಅದನ್ನೂ ನಿಲ್ಲಿಸಿದರು.

ಹಗಲು ಟಿವಿಯ ಮುಂದಿಂದ ನಾನು ಏಳದೇ ಇದ್ದ ದಿನ ಅಂದರೆ 1971ರ ಆಗಸ್ಟ್ 23, ಸೋಮವಾರ. ಲಂಡನ್ನಿನ ಓವಲ್ ಮೈದಾನದಲ್ಲಿ ಭಾರತ, ಇಂಗ್ಲೆಂಡ್ ಕ್ರಿಕೆಟ್ ಟೆಸ್ಟ್. ನಮ್ಮ ಮೈಸೂರಿನ ಚಂದ್ರಶೇಖರ್ ಬೌಲಿಂಗ್. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಸೊರಗಿದ ಅದೇ ಬಲಗೈಯಲ್ಲಿ ಅವರು ಚೆಂಡು ಎಸೆಯುತ್ತಿದ್ದದ್ದು. ಆಗ ಕ್ಯಾಮೆರಾ ಮೈದಾನದ ಒಂದೇ ತುದಿಯಲ್ಲಿ ಇರುತ್ತಿತ್ತು. ಒಂದು ಓವರ್ ಬೌಲರ್ ಬೆನ್ನು, ಇನ್ನೊಂದು ಓವರ್ ವಿಕೆಟ್ ಕೀಪರ್ ಬೆನ್ನು. ಅರ್ಧ ಆಟವನ್ನು ಊಹೆಯಲ್ಲೇ ನೋಡಬೇಕು. ಪೈಪ್ ಸೇದುತ್ತಾ ಕೂತಿದ್ದ ಸೀನಿಯರ್ ಡಾಕ್ಟರೊಬ್ಬರು ಮೊದಲು ಏನೇನೋ ವಿವರಿಸುತ್ತಿದ್ದರು. ಎಡ್ರಿಚ್ ಬೌಲ್ಡ್, ಫ್ಲೆಚರ್ ಕ್ಯಾಚ್, ಇಬ್ಬರೂ ಸೊನ್ನೆ. ಅವರ ಪೈಪ್ ಆರಿತು. ಇಂಗ್ಲೆಂಡ್ 101ಕ್ಕೆ ಆಲೌಟ್. ಚಂದ್ರ 38 ರನ್‌ಗೆ ಆರು ವಿಕೆಟ್. ಮಾರನೇ ದಿನ ಗಣೇಶ ಚೌತಿ. ಮೈದಾನಕ್ಕೆ ಆನೆಯೊಂದನ್ನು ಕರೆತಂದಿದ್ದರು. ನಮ್ಮ ಭದ್ರಾವತಿಯ ವಿಶ್ವನಾಥ್ 33 ಹೊಡೆದರು, ಭಾರತ ನಾಲ್ಕು ವಿಕೆಟ್‌ನಿಂದ ಗೆದ್ದಿತು. ಇಂಗ್ಲೆಂಡ್ ನೆಲದಲ್ಲಿ ನಮ್ಮ ಮೊದಲ ಟೆಸ್ಟ್ ಗೆಲುವು. ಕಡುಬಿಲ್ಲ, ಮೋದಕವಿಲ್ಲ. ಮೆಸ್ಸಿನ ಬಿಸ್ಕತ್ತನ್ನೇ ಎಲ್ಲರಿಗೂ ಹಂಚಿದೆ.

ಸಂಜೆ ಬೇರೆಯದೇ ಲೋಕ. ನಾಲ್ಕೂಕಾಲು ದಾಟಿದರೆ ಮಕ್ಕಳದು, 5.50ಕ್ಕೆ ವಾರ್ತೆ, ಆರಕ್ಕೆ ಊರೂರಿನ ಸುದ್ದಿಯ ನೇಷನ್‌ವೈಡ್, ಒಂಬತ್ತಕ್ಕೆ ಬಿಬಿಸಿ ವಾರ್ತೆ, ಹತ್ತಕ್ಕೆ ಐಟಿವಿ ವಾರ್ತೆ. ಗಡಿಯಾರ ಬೇಕಿರಲಿಲ್ಲ. ಸೋಮವಾರ, ಬುಧವಾರ ರಾತ್ರಿ ಏಳೂವರೆಗೆ ಕಾರೊನೇಷನ್ ಸ್ಟ್ರೀಟ್, ಆ ಕಡೆಯದೇ ಒಂದು ಬೀದಿಯ ಕಥೆ. ಅದು ಶುರುವಾಗಿದ್ದು 1960ರಲ್ಲಿ, ಇವತ್ತಿಗೂ ನಡೆಯುತ್ತಿದೆ. ನನಗೆ ಅದು ಧಾರಾವಾಹಿ ಅಲ್ಲ, ಪಾಠ. ಬಂದ ಹೊಸದರಲ್ಲಿ ಒಬ್ಬ ಮುದುಕ ರೋಗಿ "ಸ್ಟಾರ್ವ್ಡ್" ಅಂದ. ಪಾಪ ಹಸಿದಿದ್ದಾನೆ ಎಂದು ನರ್ಸಿಗೆ ಹೇಳಿ ಸೂಪು, ಬ್ರೆಡ್ಡು ತರಿಸಿದೆ. ಅವನಿಗೆ ಆಗುತ್ತಿದ್ದದ್ದು ಚಳಿ! ಆ ಕಡೆ ಹಾಗೇ ಹೇಳುವುದು. ಸೂಪು ಕುಡಿದು ಬೆಚ್ಚಗಾದ ಅನ್ನಿ. ಆಮೇಲೆ ವಾರಕ್ಕೆರಡು ಸಲ ಆ ಬೀದಿಯ ಹೆಂಗಸರ ಜಗಳ ಕೇಳಿ ಕೇಳಿ ನನ್ನ ಕಿವಿ ಪಳಗಿತು.

ಎಲ್ಲವೂ ಸೊಗಸಾಗಿತ್ತು ಅಂದುಕೊಳ್ಳಬೇಡಿ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಹಾಡುವ ಕಾರ್ಯಕ್ರಮ ಬಿಬಿಸಿಯಲ್ಲಿ 1978ರವರೆಗೂ ನಡೆಯಿತು. 1972ರಲ್ಲಿ ಐಟಿವಿಯಲ್ಲಿ ಲವ್ ದೈ ನೇಬರ್ ಎಂಬ ಹಾಸ್ಯ ಶುರುವಾಯಿತು. ಬಿಳಿಯನ ಪಕ್ಕದ ಮನೆಗೆ ಕರಿಯರ ಸಂಸಾರ ಬರುತ್ತದೆ, ಅವನು ಬಾಯಿಗೆ ಬಂದಂತೆ ಬೈಯುತ್ತಾನೆ, ಅದೇ ತಮಾಷೆ. ಮೆಸ್ಸಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಗುವರು. ನಾನೂ ನಕ್ಕಿದ್ದೇನೆ, ಯಾಕೆ ಸುಳ್ಳು ಹೇಳಲಿ. ಮರುದಿನ ಅದೇ ಪದ ವಾರ್ಡಿನಲ್ಲಿ ನನ್ನ ಬೆನ್ನ ಹಿಂದೆ ಕೇಳಿಸಿತು. ಮತ್ತೆ ಅದನ್ನು ನೋಡಲಿಲ್ಲ.

ನಮಗೆ ಅಂತ ಇದ್ದದ್ದು ಭಾನುವಾರ ಬೆಳಿಗ್ಗೆಯ ನಯೀ ಜಿಂದಗಿ ನಯಾ ಜೀವನ್. ಭಾರತ, ಪಾಕಿಸ್ತಾನದಿಂದ ಬಂದವರಿಗಾಗಿ ಬಿಬಿಸಿ ಮಾಡುತ್ತಿದ್ದದ್ದು, ಹಿಂದಿ ಉರ್ದು ಬೆರೆತ ಮಾತು. 1972ರಲ್ಲಿ ನನ್ನವಳು ಬಂದಳು, ದಾವಣಗೆರೆಯವಳು, ಹಿಂದಿ ಅಷ್ಟಕ್ಕಷ್ಟೆ. ಆದರೂ ತಲೆಗೆ ಎಣ್ಣೆ ಹಚ್ಚಿಕೊಂಡು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು. "ಅರ್ಥ ಆಗುತ್ತಾ?" ಅಂದರೆ "ಸೀರೆ ಅರ್ಥ ಆಗುತ್ತೆ ಬಿಡ್ರೀ" ಅನ್ನುವಳು. ಆಗ ನಮ್ಮ ಬಾಡಿಗೆ ಮನೆಯಲ್ಲಿದ್ದದ್ದು ಕಪ್ಪುಬಿಳುಪು ಟಿವಿ, ಅದೂ ಬಾಡಿಗೆಯದೇ. ಹತ್ತು ಪೆನ್ಸ್ ನಾಣ್ಯ ಹಾಕಿದರೆ ಓಡುವಂಥದ್ದು. ಕೊಲೆಗಾರ ಯಾರು ಎಂದು ಗೊತ್ತಾಗುವ ಹೊತ್ತಿಗೆ ದುಡ್ಡು ಮುಗಿದು ಪರದೆ ಕಪ್ಪಾಗುತ್ತಿತ್ತು. ಕೋಟು, ಪರ್ಸು, ಡ್ರಾಯರ್ ತಡಕಿ ನಾಣ್ಯ ಹುಡುಕುವಷ್ಟರಲ್ಲಿ ಹೆಸರುಗಳು ಓಡುತ್ತಿದ್ದವು. ಸರ್ಕಾರಕ್ಕೆ ಲೈಸೆನ್ಸ್ ದುಡ್ಡು ಬೇರೆ, ವರ್ಷಕ್ಕೆ 7 ಪೌಂಡ್. ಕಲರ್ ಆದರೆ 12.

ಬೇಜಾರಾಗ್ತಿರಲಿಲ್ವಾ ಅಂದಿರಲ್ಲ. ಆಗ್ತಿತ್ತಪ್ಪಾ, ಚೆನ್ನಾಗಿಯೇ ಆಗ್ತಿತ್ತು. ಭಾನುವಾರ ಸಂಜೆ ಆರೂಕಾಲಕ್ಕೆ ಎರಡು ದೊಡ್ಡ ಚಾನೆಲ್‌ಗಳಲ್ಲೂ ದೇವರ ಕಾರ್ಯಕ್ರಮ, ಹೊರಗೆ ಮಳೆ, ಅಂಗಡಿ ಬಂದ್. 1973ರ ಡಿಸೆಂಬರ್‌ನಲ್ಲಂತೂ ಕಲ್ಲಿದ್ದಲು, ಎಣ್ಣೆಯ ಅಭಾವ ಬಂದು ರಾತ್ರಿ ಹತ್ತೂವರೆಗೇ ಟಿವಿ ಬಂದ್ ಮಾಡಿ ಎಂದು ಸರ್ಕಾರ ಹೇಳಿತು. ಕ್ರಿಸ್ಮಸ್‌ಗೆ ಬಿಡುವು ಕೊಟ್ಟು ಫೆಬ್ರವರಿಯವರೆಗೂ ಅದೇ ಪಾಡು.

ಮಾಮೂಲಿ ದಿನಗಳಲ್ಲಿ ಬಿಬಿಸಿ ಒಂದು ಮುಚ್ಚುವಾಗ ಹವಾಮಾನ, ಗುಡ್ ನೈಟ್, ಆಮೇಲೆ ರಾಷ್ಟ್ರಗೀತೆ. ಮೆಸ್ಸಿನ ಮುದುಕ ಪೋರ್ಟರ್ ಟೀ ಕಪ್ಪು ಹಿಡಿದೇ ಎದ್ದು ನಿಲ್ಲುತ್ತಿದ್ದ. ನಂತರ ಪರದೆ ಖಾಲಿ. ಆಫ್ ಮಾಡಲು ಮರೆತು ಮಲಗಿದವರನ್ನು ಎಬ್ಬಿಸಲು ಸ್ವಲ್ಪ ಹೊತ್ತಿಗೆ ಕೀಂ ಎಂದು ಒಂದು ಸದ್ದು. ಬಂದ ಮೊದಲ ವಾರ ನಾನು ಕುರ್ಚಿಯಲ್ಲೇ ನಿದ್ದೆಹೋಗಿದ್ದೆ. ಸದ್ದು ಕೇಳಿ, ವಾರ್ಡಿನವರು ಡಾಕ್ಟರನ್ನು ಕರೆಯುವ ನನ್ನ ಬ್ಲೀಪೇ ಕೂಗಿತು ಅಂದುಕೊಂಡು, ಬಿಳಿ ಕೋಟು ಏರಿಸಿಕೊಂಡು, ಅಂಗಳ ದಾಟಿ ಹೆಂಗಸರ ವಾರ್ಡಿಗೆ ಓಡಿದೆ. ಸಿಸ್ಟರ್ ಕನ್ನಡಕದ ಮೇಲಿಂದ ನನ್ನ ಕಾಲು ನೋಡಿದರು. ಕಾಲಲ್ಲಿ ಶೂ ಇರಲಿಲ್ಲ. "ಯಾರೂ ಕರೆದಿಲ್ಲ ಡಾಕ್ಟರ್," ಅಂದರು. "ಹೋಗಿ ಟಿವಿ ಆಫ್ ಮಾಡಿ ಮಲಗಿ."