ಏರಿನಲ್ಲಿ ಮಾತ್ರ ಬರುವ ಶಬ್ದ

ಕುಂಬಳೆಯಿಂದ ಸೀತಾಂಗೋಳಿಯ ಏರು ಹತ್ತುವಾಗ ಎಕ್ಸಲರೇಟರ್ ಒತ್ತಿದರೆ ಸಾಕು, ಕಾಲಡಿಯಿಂದ ಟರ್ರ್ ಎಂದು ಶುರು. ಸ್ಟೀಲ್ ತಟ್ಟೆಯಲ್ಲಿ ಚಮಚ ಅದುರಿದ ಹಾಗೆ. ಕಾಲು ತೆಗೆದರೆ ಇಲ್ಲ.

ಪಕ್ಕದಲ್ಲಿದ್ದ ಭಾವ "ಕ್ಲಚ್ ಹೋಯ್ತು" ಎಂದ. ಅವನ ಪ್ರಕಾರ ಎಲ್ಲ ಕಾರುಗಳ ಎಲ್ಲ ಕಾಯಿಲೆಗೂ ಕ್ಲಚ್ಚೇ ಕಾರಣ. ಕ್ಲಚ್ ಜಾರಿದರೆ ಎಂಜಿನ್ ಕೂಗುತ್ತದೆ, ಕಾರು ಮುಂದೆ ಹೋಗುವುದಿಲ್ಲ. ನನ್ನದು ಚೆನ್ನಾಗಿಯೇ ಹತ್ತುತ್ತಿತ್ತು. ಆದರೆ ಭಾವನ ಹತ್ತಿರ ವಾದ ಮಾಡಿ ಗೆದ್ದವರಿಲ್ಲ.

ಪೇಟೆಯ ಸರ್ವಿಸ್ ಸೆಂಟರಿನಲ್ಲಿ ಕೌಂಟರಿನ ಹುಡುಗ ಟ್ಯಾಬ್‌ನಿಂದ ಕಣ್ಣೆತ್ತಲಿಲ್ಲ. "ಏನು ಕಂಪ್ಲೇಂಟ್ ಸರ್?" ಶಬ್ದ ಎಂದೆ. ಟಿಕ್ ಹಾಕಿದ, ಮುಗಿಯಿತು. ಸಂಜೆ ಫೋನ್ ಬಂತು. ಗೇರ್‌ಬಾಕ್ಸ್ ಇಳಿಸಿ ನೋಡಬೇಕಂತೆ, ಹೇಗೂ ಬಿಚ್ಚುವಾಗ ಕ್ಲಚ್ ಸೆಟ್ ಹಾಕಿಬಿಡೋಣವಂತೆ. ಹೋಗಿ ಮೀಟರ್ ನೋಡಿದರೆ ಬೆಳಿಗ್ಗೆ ಬಿಟ್ಟಾಗ ಇದ್ದ ಕಿಲೋಮೀಟರೇ ಇತ್ತು. ಓಡಿಸಿಯೇ ಇರಲಿಲ್ಲ! ಕಾರು ವಾಪಸ್ ತಂದೆ.

ಬದಿಯಡ್ಕದ ಹತ್ತಿರ ರಸ್ತೆ ಬದಿಯ ಶೆಡ್ಡಿನಲ್ಲಿ ಒಬ್ಬ ಹಳೆಯ ಮೆಕ್ಯಾನಿಕ್ ಇದ್ದಾರೆ. ನಾವೆಲ್ಲ ಇಚ್ಚ ಎನ್ನುತ್ತೇವೆ. ಎಂಥ ಶಬ್ದ ಎಂದು ಅವರು ಕೇಳಲೇ ಇಲ್ಲ.

"ಯಾವಾಗ ಬರುವುದು ಮಾಷ್ಟ್ರೇ?"

ಏರಿನಲ್ಲಿ ಎಂದೆ.

"ಸ್ಟೇರಿಂಗ್ ತಿರುಗಿಸುವಾಗ ಜಾಸ್ತಿ ಆಗ್ತದಾ?"

ಇಲ್ಲ. ಹಾಗಾದರೆ ಆಕ್ಸಲ್ ಜಾಯಿಂಟ್ ಅಲ್ಲ. ಅದು ಹಾಳಾದರೆ ತಿರುವಿನಲ್ಲಿ ಕಟಕಟ ಎನ್ನುತ್ತದೆ.

"ಸ್ಪೀಡ್ ಏರಿದ ಹಾಗೆ ಗುಂಯ್ ಅಂತ ಏರ್ತದಾ?"

ಅದೂ ಇಲ್ಲ. ವೀಲ್ ಬೇರಿಂಗ್ ಬಚಾವ್.

"ಹಾಗಾದ್ರೆ ನ್ಯೂಟ್ರಲ್ ಮಾಡಿ. ನಿಂತಲ್ಲೇ ರೇಸ್ ಕೊಡಿ, ನೋಡುವ."

ಕೊಟ್ಟೆ. 2000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಹತ್ತಿರ ಬಂತು ನೋಡಿ, ಅದೇ ಟರ್ರ್. 3000 ದಾಟಿದಾಗ ಮಾಯ. ಕ್ಲಚ್ ಒತ್ತಿ ಹಿಡಿದು ಕೊಡಲು ಹೇಳಿದರು. ಆಗಲೂ ಬಂತು. ಚಕ್ರ ತಿರುಗುತ್ತಿಲ್ಲ, ಗೇರ್‌ಬಾಕ್ಸಿಗೂ ಎಂಜಿನ್ನಿಗೂ ಸಂಬಂಧ ತಪ್ಪಿದೆ, ಆದರೂ ಶಬ್ದ ಇದೆ. ಹಾಗಾದರೆ ಅದು ಎಂಜಿನ್ನಿನ ಜೊತೆ ಅದುರುವ ಇನ್ಯಾವುದೋ.

ಇಚ್ಚ ಕೆಳಗೆ ನುಸುಳಿ, ಉದ್ದದ ಸ್ಕ್ರೂಡ್ರೈವರಿನ ತುದಿಯಿಂದ ಸೈಲೆನ್ಸರ್ ಪೈಪಿನ ಮೇಲಿನ ತಗಡನ್ನು ಒತ್ತಿದರು. ಶಬ್ದ ನಿಂತಿತು. ಬಿಟ್ಟರು, ಬಂತು. ಒತ್ತಿದರು, ನಿಂತಿತು. ಕಾರಿನಡಿಯಿಂದ ನಗು ಕೇಳಿಸಿತು.

ಹೀಟ್ ಶೀಲ್ಡ್ ಅಂತೆ. ಪೈಪಿನ ಬಿಸಿ ಮೇಲಕ್ಕೆ ತಾಗದಿರಲಿ ಎಂದು ಹಾಕಿದ ತೆಳು ತಗಡು. ಅದರ ಬೋಲ್ಟ್ ತುಕ್ಕು ಹಿಡಿದು ಉದುರಿತ್ತು. ಕಡಲಿನ ಗಾಳಿ, ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಸುರಿಯುವ ಮಳೆ, ನಮ್ಮೂರಲ್ಲಿ ಕಬ್ಬಿಣ ಉಳಿಯುವುದೇ ಕಷ್ಟ. ಏರಿನಲ್ಲಿ ಎಂಜಿನ್ ಜಾಸ್ತಿ ಅದುರುವಾಗ ತಗಡು ಪೈಪಿಗೆ ಬಡಿಯುತ್ತಿತ್ತು. ಪೈಪ್ ತಣ್ಣಗಾದ ಮೇಲೆ ಒಂದು ದೊಡ್ಡ ಹೋಸ್ ಕ್ಲಿಪ್ ಸುತ್ತಿ ಬಿಗಿದರು. 200 ರೂಪಾಯಿ.

ಉಳಿದ ದುಡ್ಡಿಗಿಂತ ಆ "ಯಾವಾಗ ಬರುವುದು" ನನ್ನನ್ನು ಕಾಡುತ್ತಿದೆ. ಕೌಂಟರಿನ ಹುಡುಗನ ಮೇಲೆ ನನಗೇನೂ ಸಿಟ್ಟಿಲ್ಲ. ಅವನ ಟ್ಯಾಬ್‌ನಲ್ಲಿ ಆ ಪ್ರಶ್ನೆಗೆ ಜಾಗವೇ ಇರಲಿಕ್ಕಿಲ್ಲ. ಜಾಗ ಇಲ್ಲದ್ದನ್ನು ಯಾರು ಕೇಳ್ತಾರೆ? ಆದರೆ ಅಮ್ಮನ ಮೊಣಕಾಲು ನೋವಿಗೆ ಮಂಗಳೂರಿಗೆ ಹೋದಾಗಲೂ ಇದೇ ಆಗಿತ್ತು. ಅಮ್ಮ ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಸ್ಕ್ಯಾನಿಂಗಿನ ಚೀಟಿ ಪ್ರಿಂಟ್ ಆಗುತ್ತಿತ್ತು. ಡಾಕ್ಟರು ಒಳ್ಳೆಯವರೇ, ಹೊರಗೆ ಕ್ಯೂ ಉದ್ದ ಇತ್ತು ಅಷ್ಟೆ.

ನಿನ್ನೆ ರಾತ್ರಿ ಊಟ ಆದ ಮೇಲೆ ಅಮ್ಮನನ್ನು ಕೇಳಿದೆ, ಯಾವಾಗ ನೋಯುವುದು ಎಂದು. "ಕೂತು ಏಳುವಾಗ. ಮೆಟ್ಟಿಲು ಇಳಿಯುವಾಗ. ಹತ್ತುವಾಗ ಅಷ್ಟಿಲ್ಲ" ಎಂದರು, ಒಂಚೂರೂ ಯೋಚಿಸದೆ. ಅದನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಮುಂದಿನ ವಾರ ಮತ್ತೆ ಹೋಗಲಿಕ್ಕಿದೆ. ಪ್ರಿಂಟರ್ ಶುರುವಾಗುವ ಮೊದಲೇ ಡಾಕ್ಟರ ಕೈಗೆ ಕೊಟ್ಟುಬಿಡಬೇಕು.