ಇಲ್ಲ, ನಾನು ಟೆನಿಸ್ ಆಡಲ್ಲ

ಮೇ ತಿಂಗಳ ಕೊನೆ ವಾರ ಬಂತೆಂದರೆ ಆಫೀಸಿನಲ್ಲಿ, ಮನೆಯಲ್ಲಿ, ಮದುವೆ ಮನೆಯಲ್ಲಿ ಒಂದೇ ಪ್ರಶ್ನೆ. ನಾನು ಫೋನಿನಲ್ಲಿ ಪ್ಯಾರಿಸ್‌ನ ಟೆನಿಸ್ ಟೂರ್ನಿ ಫ್ರೆಂಚ್ ಓಪನ್ ನೋಡುತ್ತಿದ್ದೇನೆ ಅಂತ ಗೊತ್ತಾದ ಕೂಡಲೇ ಕೇಳುತ್ತಾರೆ: "ಓ, ನೀನು ಟೆನಿಸ್ ಆಡ್ತೀಯಾ?" ಇಲ್ಲ ಅಂದರೆ ಮುಂದಿನದು ರೆಡಿ ಇರುತ್ತದೆ: "ಮತ್ತೆ ಯಾಕೆ ನೋಡ್ತೀಯಾ?"

ಇಪ್ಪತ್ತು ವರ್ಷ ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದರ ಲಿಂಕ್ ಕಳಿಸುತ್ತೇನೆ.

ಇಲ್ಲ, ಆಡಲ್ಲ. ಒಂದೇ ಒಂದು ಸಲ ಗೆಳತಿಯ ರ್‍ಯಾಕೆಟ್ ಹಿಡಿದಿದ್ದೆ. ಚೆಂಡು ಪಕ್ಕದ ಮನೆಯ ಸಂಪ್‌ಗೆ ಬಿತ್ತು. ಬಕೆಟ್‌ಗೆ ಹಗ್ಗ ಕಟ್ಟಿ ಎತ್ತಬೇಕಾಯಿತು. ಅಲ್ಲಿಗೆ ನನ್ನ ಟೆನಿಸ್ ಮುಗಿಯಿತು.

ಸೋಫಾ ಮೇಲೆ ಅಡ್ಡಡ್ಡ ಮಲಗಿಕೊಂಡು ಆರ್‌ಸಿಬಿಯ ಫೀಲ್ಡಿಂಗ್ ಬದಲಾಯಿಸುವ ನನ್ನ ಚಿಕ್ಕಪ್ಪನನ್ನು ಇವತ್ತಿನ ತನಕ ಯಾರೂ "ನೀವು ಬೌಲಿಂಗ್ ಮಾಡ್ತೀರಾ?" ಅಂತ ಕೇಳಿಲ್ಲ. ಅವರು ಬಗ್ಗಿ ಚಪ್ಪಲಿ ಹಾಕಿಕೊಂಡು ಹತ್ತು ವರ್ಷ ಆಯಿತು. ಟೆನಿಸ್ ನೋಡುವವರಿಗೆ ಮಾತ್ರ ಅರ್ಹತೆ ಬೇಕು.

ಉಪಪ್ರಶ್ನೆಗಳನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. "ನಿದ್ದೆ ಕೆಡ್ತೀಯಾ?" ಜಾಸ್ತಿ ಇಲ್ಲ. ಆಗ ಪ್ಯಾರಿಸ್ ನಮಗಿಂತ ಮೂರೂವರೆ ಗಂಟೆ ಹಿಂದೆ ಇರುತ್ತದೆ. ಅಲ್ಲಿ ಬೆಳಗ್ಗೆ 11ಕ್ಕೆ ಶುರುವಾದರೆ ಇಲ್ಲಿ ಮಧ್ಯಾಹ್ನ ಎರಡೂವರೆ, ಊಟದ ತೂಕಡಿಕೆಯ ಹೊತ್ತು. 2021ರಲ್ಲಿ ಶುರು ಮಾಡಿದ ರಾತ್ರಿ ಆಟ ಮಾತ್ರ ಕಷ್ಟ, ನಮ್ಮಲ್ಲಿ ನಡುರಾತ್ರಿ ಹತ್ತಿರ ಬಂದಿರುತ್ತದೆ. ಪರವಾಗಿಲ್ಲ, ಮಾರನೆಯ ದಿನ ಬಸ್ಸು ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಬಾಕಿ ನಿದ್ದೆ ತೀರುತ್ತದೆ.

"ನಮ್ಮೋರು ಯಾರಾದ್ರೂ ಇದಾರಾ?" ಇದ್ದರು. 2017ರ ಜೂನ್ 8ರಂದು ಕೊಡಗಿನ ರೋಹನ್ ಬೋಪಣ್ಣ, ಕೆನಡಾದ ಗೇಬ್ರಿಯೆಲಾ ಡಬ್ರೋವ್‌ಸ್ಕಿ ಜೊತೆ ಮಿಶ್ರ ಡಬಲ್ಸ್ ಗೆದ್ದರು. ಇನ್ನೊಂದೇ ಪಾಯಿಂಟ್ ಹೋದರೆ ಸೋಲು ಅನ್ನುವಂಥ ಎರಡು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ಗೆದ್ದರು. ಆ ದಿನ ನೀವೆಲ್ಲ ಎಲ್ಲಿದ್ದಿರಿ?

ನನ್ನದು ಶುರುವಾಗಿದ್ದು 2005ರಲ್ಲಿ. ಪಿಯುಸಿ ಮುಗಿದಿತ್ತು, ಮನೆಯಲ್ಲಿ ಸುಮ್ನೆ ಕೂತಿದ್ದೆ. ಟಿವಿಯಲ್ಲಿ ಒಬ್ಬ ಹುಡುಗ ತೋಳಿಲ್ಲದ ಹಸಿರು ಬನಿಯನ್, ಮೊಣಕಾಲು ದಾಟಿದ ಚಡ್ಡಿ ಹಾಕಿಕೊಂಡು, ಸಿಗಲ್ಲ ಅಂತ ನಾನು ಬಿಟ್ಟುಬಿಟ್ಟಿದ್ದ ಚೆಂಡುಗಳನ್ನೆಲ್ಲ ಓಡಿ ಓಡಿ ವಾಪಸ್ ಕಳಿಸುತ್ತಿದ್ದ. ರಫಾಯಲ್ ನಡಾಲ್. ಹತ್ತೊಂಬತ್ತು ತುಂಬಿತ್ತು ಅಷ್ಟೆ. ಮೊದಲ ಸಲ ಬಂದವನೇ ಗೆದ್ದ. 2022ರ ಹೊತ್ತಿಗೆ ಹದಿನಾಲ್ಕು ಸಲ ಗೆದ್ದಿದ್ದ. ಅಲ್ಲಿ ಆಡಿದ 116 ಮ್ಯಾಚ್‌ಗಳಲ್ಲಿ ಸೋತಿದ್ದು ನಾಲ್ಕೇ ನಾಲ್ಕು. ಮೊದಲನೆಯದು 2009ರಲ್ಲಿ, ಸ್ವೀಡನ್ನಿನ ಸೋಡರ್ಲಿಂಗ್ ಕೈಲಿ. ಅವತ್ತು ನನ್ನ ಮುಖ ನೋಡಿ ಅಮ್ಮ ಗ್ಯಾಸ್ ಆರಿಸಿ ಬಂದು, "ಯಾರೇ ಹೋದ್ರು?" ಅಂದರು.

ಇಷ್ಟು ಹೇಳಿದರೂ "ಸರಿ, ಆದ್ರೆ ನೀನು ಆಡಲ್ಲ ಅಲ್ವಾ?" ಅನ್ನುವವರಿದ್ದಾರೆ. ಆ ಪ್ರಶ್ನೆಯನ್ನು ಕೇಳಬಾರದ ಹೊತ್ತಿನಲ್ಲಿ ಕೇಳಿದವರು ಅದೇ ಚಿಕ್ಕಪ್ಪ.

2025ರ ಜೂನ್ 8, ಭಾನುವಾರ. ಚಿಕ್ಕಪ್ಪನ ಮಗಳ ರಿಸೆಪ್ಷನ್, ಬನಶಂಕರಿಯ ಒಂದು ಛತ್ರದಲ್ಲಿ. ಚಿನ್ನಸ್ವಾಮಿ ಸ್ಟೇಡಿಯಂ ಮುಂದೆ ಜನ ಸತ್ತು ನಾಲ್ಕು ದಿನ ಆಗಿತ್ತು. ಛತ್ರದಲ್ಲಿ ಯಾರ ಬಾಯಲ್ಲೂ ಆಟದ ಮಾತಿರಲಿಲ್ಲ. ಪ್ಯಾರಿಸ್‌ನಲ್ಲಿ ಮಾತ್ರ ಫೈನಲ್, ಇಟಲಿಯ ಸಿನ್ನರ್ ಮತ್ತು ಸ್ಪೇನಿನ ಅಲ್ಕರಾಜ್. ನಮ್ಮ ಸಂಜೆ ಆರೂವರೆ ದಾಟಿ ಶುರುವಾಗಿತ್ತು. ಫೋಟೋಗೆ ನಿಂತಾಗ ಒಂದು ಸೆಟ್ ಹೋಗಿತ್ತು. ದೊಡ್ಡಮ್ಮನ ಮಂಡಿ ನೋವು ಕೇಳುವಷ್ಟರಲ್ಲಿ ಇನ್ನೊಂದು. ಎರಡೂ ಸಿನ್ನರ್‌ಗೆ. ಮೂರು ಸೆಟ್ ಗೆದ್ದವರದು ಮ್ಯಾಚ್. ಫೈನಲ್‌ವರೆಗೆ ಆ ಹುಡುಗ ಯಾರಿಗೂ ಒಂದು ಸೆಟ್ಟನ್ನೂ ಬಿಟ್ಟುಕೊಟ್ಟಿರಲಿಲ್ಲ.

ನಾನು ಬೇಕಂತಲೇ ಕೊನೆ ಪಂಕ್ತಿಗೆ ಉಳಿದೆ. ಎಲೆಯ ತುದಿಯಲ್ಲಿ ನೀರಿನ ಬಾಟಲಿ ನಿಲ್ಲಿಸಿ, ಅದಕ್ಕೆ ಫೋನ್ ಒರಗಿಸಿದೆ. ಬಲಗೈ ಸಾರನ್ನದಲ್ಲಿ, ಎಡಗೈ ಹೆಬ್ಬೆರಳು ಸ್ಕ್ರೀನ್ ಆರಿಹೋಗದ ಹಾಗೆ ಆಗಾಗ ತಟ್ಟುತ್ತಾ. ಹೋಳಿಗೆಯ ತುಪ್ಪ ತಗುಲಿ ಅರ್ಧ ಅಂಕಣ ಮಂಜು ಮಂಜು. ಮೂರನೇ ಸೆಟ್ ಅಲ್ಕರಾಜ್ ತೆಗೆದುಕೊಂಡಿದ್ದ. ನಾಲ್ಕರಲ್ಲಿ ಸಿನ್ನರ್ 5–3 ಮುಂದೆ. ಸರ್ವ್ ಅಲ್ಕರಾಜ್‌ದು, ಸ್ಕೋರು ಸೊನ್ನೆ–ನಲವತ್ತು. ಮೂರು ಚಾಂಪಿಯನ್‌ಶಿಪ್ ಪಾಯಿಂಟ್. ಮೂರರಲ್ಲಿ ಒಂದು ಸಿನ್ನರ್‌ಗೆ ಹೋದರೂ ಮ್ಯಾಚ್ ಮುಗಿಯುತ್ತದೆ.

ಆಗ ಭುಜದ ಮೇಲೆ ಕೈ ಬಿತ್ತು. "ಏನಮ್ಮಾ, ಊಟದಲ್ಲೂ ಫೋನಾ? ಏನದು, ಟೆನಿಸ್ಸಾ? ನೀನು ಆಡ್ತೀಯಾ?"

ಹದಿನೈದು–ನಲವತ್ತು. ನಾನು ಮಾತಾಡಲಿಲ್ಲ. ಮೂವತ್ತು–ನಲವತ್ತು. "ನಿನ್ನೇ ಕೇಳ್ತಿರೋದು." ನಲವತ್ತು–ನಲವತ್ತು. ಆಗ ನಾನು ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಮಗಳ ಮದುವೆಯಲ್ಲಿ ಅಣ್ಣನ ಮಗಳ ಬಾಯಿಂದ ಕೇಳುವ ಮಾತಲ್ಲ. ಚಿಕ್ಕಪ್ಪ ಬೀಗರ ಕಡೆ ಹೊರಟುಹೋದರು. ಮಾರನೆಯ ದಿನ ಕ್ಷಮೆ ಕೇಳಿದ್ದೇನೆ, ಅರ್ಧ ಮನಸ್ಸಿನಿಂದ.

ಚಿಕ್ಕಪ್ಪ ಹೋದ ಜಾಗದಲ್ಲಿ ಮಜ್ಜಿಗೆ ಬಕೆಟ್ ಹಿಡಿದು ಬಡಿಸುವ ಹುಡುಗ ನಿಂತಿದ್ದ. ಇಪ್ಪತ್ತೆರಡು ಇರಬಹುದು. ಮಜ್ಜಿಗೆ ಹಾಕುವುದು ಬಿಟ್ಟು ಫೋನ್ ನೋಡುತ್ತಿದ್ದ. ಅಂಪೈರ್ ಎತ್ತರದ ಕುರ್ಚಿಯಿಂದ ಇಳಿದು, ಅಂಕಣದ ಆ ಕಡೆಗೆ ಬೇಗ ಬೇಗ ನಡೆದು, ಬಗ್ಗಿ, ಬೆರಳು ತೋರಿಸುವುದು ಕಾಣುತ್ತಿತ್ತು.

"ಅಕ್ಕಾ, ಅವ್ರು ಯಾಕೆ ಕುರ್ಚಿ ಇಳಿದು ಬಂದು ನೆಲ ನೋಡ್ತಾರೆ?"

ಇಪ್ಪತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ನನಗೆ ಎಷ್ಟು ಖುಷಿಯಾಯಿತೆಂದರೆ ಎಂಜಲು ಕೈಯಲ್ಲೇ ಎಲೆಯ ಮೇಲೆ ಗೆರೆ ಎಳೆದು ತೋರಿಸಿದೆ. ಬೇರೆ ದೊಡ್ಡ ಟೂರ್ನಿಗಳಲ್ಲಿ ಚೆಂಡು ಒಳಗಾ ಹೊರಗಾ ಅಂತ ಯಂತ್ರ ಹೇಳುತ್ತದೆ. ವಿಂಬಲ್ಡನ್ ಕೂಡ ಆ ವರ್ಷ ಗೆರೆ ಕಾಯುವವರನ್ನು ಮನೆಗೆ ಕಳಿಸಿತು. ಇಲ್ಲಿ ಮಾತ್ರ ಇನ್ನೂ ಮನುಷ್ಯರು. ಯಾಕೆಂದರೆ ಇಲ್ಲಿ ಚೆಂಡು ಬಿದ್ದ ಕಡೆ ಗುರುತು ಉಳಿಯುತ್ತದೆ. ಮೊಟ್ಟೆಯಾಕಾರದ ಸಣ್ಣ ಮಚ್ಚೆ. ಅದು ಗೆರೆಗೆ ಕೂದಲಿನಷ್ಟು ತಾಗಿದ್ದರೂ ಒಳಗೆ. ಆಟಗಾರ ದುಡುಕಿ ಕಾಲಲ್ಲಿ ಅಳಿಸಿಬಿಟ್ಟರೆ ಅಲ್ಲಿಗೆ ತಕರಾರು ಮುಗಿಯಿತು, ಒಪ್ಪಿಕೊಂಡ ಹಾಗೆ.

"ಮಣ್ಣಾ ಅದು?" ಅಂದ.

ಮಣ್ಣಲ್ಲ! ಇದು ನನ್ನ ಹಳೇ ಸಂಕಟ. ನಮ್ಮ ಪೇಪರ್‌ಗಳು 'ಆವೆಮಣ್ಣಿನ ಅಂಕಣ' ಅಂತ ಬರೆಯುತ್ತವೆ, ಕುಂಬಾರರು ಬಂದು ತುಳಿದು ಹದ ಮಾಡಿದ ಹಾಗೆ. ಮೇಲೆ ಕಾಣುವ ಕೆಂಪು ಸುಟ್ಟ ಇಟ್ಟಿಗೆಯ ಪುಡಿ, ಅದೂ ಒಂದೆರಡು ಮಿಲಿಮೀಟರ್ ಅಷ್ಟೆ. ಕೆಳಗೆ ಬಿಳಿ ಸುಣ್ಣಕಲ್ಲಿನ ಪುಡಿ, ಅದರ ಕೆಳಗೆ ಸುಟ್ಟ ಕಲ್ಲಿದ್ದಲಿನ ಕಿಟ್ಟ, ಆಮೇಲೆ ಜಲ್ಲಿ, ದಪ್ಪ ಕಲ್ಲು. ಆ ಪುಡಿ ಚೆಂಡಿನ ವೇಗ ಹಿಡಿದು ಮೇಲಕ್ಕೆ ಎತ್ತುತ್ತದೆ. ಬರೀ ಸರ್ವ್ ಹೊಡೆದು ಗೆಲ್ಲುತ್ತೇನೆ ಅನ್ನುವವರಿಗೆ ಇಲ್ಲಿ ಕಷ್ಟ. ಬೇರೆ ಕಡೆ ಹದಿನಾಲ್ಕು ಗ್ರ್ಯಾನ್‌ಸ್ಲಾಮ್ ಗೆದ್ದ ಪೀಟ್ ಸಾಂಪ್ರಸ್‌ಗೆ ಇಲ್ಲಿ ಒಂದೂ ಸಿಗಲಿಲ್ಲ.

ಹುಡುಗ ಸ್ವಲ್ಪ ಹೊತ್ತು ಯೋಚಿಸಿದ. "ಇಟ್ಟಿಗೆ ಪುಡಿ ಅಂದ್ರೆ ಸುರ್ಕಿ ಅಲ್ವಾ ಅಕ್ಕಾ? ನಮ್ ತಾತ ಗಾರೆ ಕೆಲ್ಸದವ್ರು. ಹಳೇ ಮನೆಗೆ ಸುಣ್ಣದ ಜೊತೆ ಅದನ್ನೇ ಕಲಸ್ತಿದ್ರಂತೆ." ಮಜ್ಜಿಗೆ ಕೇಳಿ ಆ ತುದಿಯಿಂದ ಯಾರೋ ಕೂಗಿದರು. ಓಡಿದ.

ಸುರ್ಕಿ! ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ.

ಪಂಕ್ತಿ ಎದ್ದಾಗ ನಾಲ್ಕನೇ ಸೆಟ್ ಅಲ್ಕರಾಜ್‌ದಾಗಿತ್ತು, ಫೋನ್ ನಾಲ್ಕು ಪರ್ಸೆಂಟ್. ಹುಡುಗ ಅಡುಗೆ ಮನೆಯ ಹಿಂದಿನ ಪ್ಲಗ್ ತೋರಿಸಿದ. ಅಲ್ಲಿ ಬೆಳಗಿನ ತಿಂಡಿಗೆ ಬೀನ್ಸ್ ಹೆಚ್ಚುತ್ತಿದ್ದರು. ಸಿಲಿಂಡರ್ ಪಕ್ಕ ತರಕಾರಿ ಕ್ರೇಟ್ ಬೋರಲು ಹಾಕಿ, ರೇಷ್ಮೆ ಸೀರೆ ಮೊಣಕಾಲಿಗೆ ಸುತ್ತಿಕೊಂಡು ಕೂತೆ. ಹುಡುಗ ಕತ್ತಿ ಹಿಡಿದು ಪಕ್ಕದಲ್ಲೇ ಕೂತ. ಐದನೇ ಸೆಟ್ಟಿಗೆ ಬೇಸ್‌ಲೈನ್ ಹಿಂದೆ ಇಬ್ಬರೂ ಜಾರಿದ ಗೀರುಗಳು, ಯಾರು ಎಲ್ಲಿಂದ ಎಲ್ಲಿಗೆ ಓಡಿದರು ಅಂತ ನೆಲದಲ್ಲೇ ಓದಬಹುದಿತ್ತು. ಅಂಪೈರ್ ಇಳಿದಾಗಲೆಲ್ಲ ಅವನು ಬೀನ್ಸ್ ಹೆಚ್ಚುವುದು ನಿಲ್ಲಿಸುತ್ತಿದ್ದ. "ಹೊರಗೆ," ಅನ್ನುತ್ತಿದ್ದ. ಅಂಪೈರ್‌ಗಿಂತ ಮೊದಲು.

ಹನ್ನೆರಡು ದಾಟಿತ್ತು. ಒಟ್ಟು 5 ಗಂಟೆ 29 ನಿಮಿಷ, ಅಲ್ಲಿಯ ಫೈನಲ್‌ಗಳಲ್ಲೇ ಅತಿ ಉದ್ದದ್ದು. ಸೆಟ್ ಸಮವಾದಾಗ ಆಡುವ ಟೈಬ್ರೇಕ್‌ನಲ್ಲಿ ಕೊನೆಯದು 10–2, ಅಲ್ಕರಾಜ್‌ಗೆ. ಆಮೇಲೆ ಲೆಕ್ಕ ನೋಡಿದರೆ ಸೋತ ಸಿನ್ನರ್‌ಗೇ ಒಂದು ಪಾಯಿಂಟ್ ಜಾಸ್ತಿ, 193–192.

ಟೈಬ್ರೇಕ್ ನಡೆಯುವಾಗಲೇ ಚಿಕ್ಕಪ್ಪ ರೂಮಿನ ಬೀಗದ ಕೈ ಕೊಡಲು ನನ್ನನ್ನು ಹುಡುಕಿಕೊಂಡು ಬಂದರು. ನನ್ನ ಮುಖ ನೋಡಿದರು. ಧೈರ್ಯ ಬರಲಿಲ್ಲ ಅಂತ ಕಾಣುತ್ತದೆ. ಹುಡುಗನ ಕಡೆ ತಿರುಗಿದರು.

"ನೀನೂ ಟೆನಿಸ್ ಆಡ್ತೀಯೇನಪ್ಪಾ?"

"ಇಲ್ಲ ಸಾರ್," ಅಂದ ಅವನು, ತಲೆ ಎತ್ತದೆ. "ಸ್ವಲ್ಪ ಈ ಕಡೆ ಬನ್ನಿ, ಲೈಟ್‌ಗೆ ಅಡ್ಡ ಇದ್ದೀರ."