ಕ್ಯಾಬಿನೆಟ್ ಫ್ಯಾನ್ ಕೊಳ್ಳುವ ಮೊದಲು ಕ್ಯಾಬಿನೆಟ್ಟಿನ ಮುಖ ನೋಡಿ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಂಪ್ಯೂಟರ್ ಜೋಡಿಸಿ ಕೊಡುವುದು ನನ್ನ ಕೆಲಸ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಗಿರಾಕಿಗಳು ವಾರಗಟ್ಟಲೆ ಓದಿಕೊಂಡೇ ಬಂದಿರುತ್ತಾರೆ, ಎಷ್ಟೋ ಸಲ ನಮಗೇ ಪಾಠ ಹೇಳುತ್ತಾರೆ. ಕ್ಯಾಬಿನೆಟ್ಟಿನ, ಅಂದರೆ ಕಂಪ್ಯೂಟರಿನ ಹೊರಪೆಟ್ಟಿಗೆಯ, ಫ್ಯಾನಿನ ಸರದಿ ಬಂದಾಗ ಮಾತ್ರ ಕೇಳುವುದು ಎರಡೇ ಮಾತು: "ಎಷ್ಟು ಹಾಕ್ಬಹುದು ಅಣ್ಣಾ? ಲೈಟ್ ಬರುತ್ತಾ?"

ಲೈಟು ಬೇಡ ಅನ್ನುವವನು ನಾನಲ್ಲ. ಲಕ್ಷ ರೂಪಾಯಿ ಸುರಿದವರಿಗೆ ಮಷೀನು ಚೆಂದ ಕಾಣಲಿ ಅನ್ನಿಸಿದರೆ ತಪ್ಪೇನು? ಆದರೆ "ತುಂಬಾ ಬಿಸಿ ಆಗ್ತಿದೆ" ಅಂತ ನಮ್ಮ ಟೇಬಲ್ಲಿಗೆ ಬರುವ ಮಷೀನುಗಳಲ್ಲಿ ಫ್ಯಾನ್ ಸಾಲದೆ ಹೋಗಿರುವುದು ಅಪರೂಪ. ಒಳಗೆ ಆರೇಳು ಫ್ಯಾನು ಬಣ್ಣಬಣ್ಣವಾಗಿ ತಿರುಗುತ್ತಿರುತ್ತವೆ. ಮುಂದುಗಡೆ ಇಡೀ ಗಾಜಿನ ಹಲಗೆ, ಪಕ್ಕದಲ್ಲಿ ಬೆರಳು ತೂರದಷ್ಟು ಸಂದು. ಗಾಳಿ ಬರುವುದಾದರೂ ಎಲ್ಲಿಂದ?

ಇಂಥ ಮಷೀನು ಬಂದರೆ ಹೊಸ ಫ್ಯಾನಿನ ಡಬ್ಬ ತೆಗೆಯುವ ಮೊದಲು ಒಂದು ಪರೀಕ್ಷೆ ಮಾಡುತ್ತೇನೆ. ಭಾರವಾದ ಗೇಮೊಂದನ್ನು ಓಡಲು ಬಿಟ್ಟು ಗ್ರಾಫಿಕ್ಸ್ ಕಾರ್ಡಿನ ಉಷ್ಣತೆ ಏರಿ ಏರಿ ಒಂದು ಕಡೆ ನಿಲ್ಲುವವರೆಗೆ ಕಾಯುವುದು. ಆಮೇಲೆ ಮುಂದಿನ ಹಲಗೆ ಕಳಚಿ ಮತ್ತೆ ಕಾಯುವುದು. ಐದಾರು ಡಿಗ್ರಿಯೋ ಇನ್ನೂ ಹೆಚ್ಚೋ ಇಳಿದರೆ ಫ್ಯಾನಿನ ಮೇಲೆ ದೂರು ಹೇಳುವಂತಿಲ್ಲ, ಅಡ್ಡ ನಿಂತದ್ದು ಹಲಗೆ. ಮುಂದಿನದು ತೆಗೆದರೂ ಇಳಿಯದೆ ಪಕ್ಕದ ಬಾಗಿಲು ತೆಗೆದಾಗ ಇಳಿದರೆ, ಒಳಗೆ ಗಾಳಿ ಬರುತ್ತಿದ್ದರೂ ಕಾರ್ಡಿನ ಹತ್ತಿರ ಹೋಗುತ್ತಿಲ್ಲ ಎಂದರ್ಥ. ಎರಡೂ ತೆಗೆದರೂ ಮುಳ್ಳು ಅಲ್ಲಾಡದಿದ್ದರೆ ಕ್ಯಾಬಿನೆಟ್ ಬಿಟ್ಟುಬಿಡಿ. ಕಾರ್ಡಿನ ಹೀಟ್‌ಸಿಂಕಿನಲ್ಲಿ, ಅಂದರೆ ಶಾಖ ಹೊರಹಾಕುವ ಲೋಹದ ರೆಕ್ಕೆಗಳಲ್ಲಿ, ದೂಳು ಕಟ್ಟಿರುತ್ತದೆ, ಇಲ್ಲವೇ ಚಿಪ್ಪಿನ ಶಾಖವನ್ನು ಅದಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಅಲ್ಲಿ ಎಷ್ಟು ಫ್ಯಾನ್ ಹಾಕಿದರೂ ದುಡ್ಡು ದಂಡ.

ಗಾಳಿಯ ದಾರಿ ನೋಡಲು ಊದುಬತ್ತಿ ಸಾಕು. ಅಂಗಡಿಯಲ್ಲಿ ಬೆಳಗ್ಗೆ ದೇವರಿಗೆ ಹಚ್ಚಿದ್ದು ಇದ್ದೇ ಇರುತ್ತದೆ. ಹೊಗೆಯನ್ನು ಮುಂದಿನ ಜಾಲರಿಯ ಹತ್ತಿರ ಹಿಡಿದರೆ ಎಲ್ಲಿ ಎಳೆದುಕೊಳ್ಳುತ್ತಿದೆ, ಎಲ್ಲಿ ಸುಮ್ಮನೆ ಮೇಲೆ ಹೋಗುತ್ತಿದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಬೂದಿ ಒಳಗೆ ಬೀಳದಂತೆ ದೂರದಿಂದ ಹಿಡಿಯಬೇಕು, ಅಷ್ಟೆ.

ಇನ್ನು ಡಬ್ಬದ ಮೇಲಿನ ಅಂಕಿಗಳು. ಗಿರಾಕಿ ನೋಡುವುದು ಸಿಎಫ್ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅನ್ನುವುದು. ಆ ಅಂಕಿ ಫ್ಯಾನಿನ ಮುಂದೆ ಹಿಂದೆ ಏನೂ ಅಡ್ಡ ಇಲ್ಲದಾಗಿನದು. ಪಕ್ಕದಲ್ಲೇ ಸ್ಟ್ಯಾಟಿಕ್ ಪ್ರೆಶರ್ ಅಂತ ನೀರಿನ ಮಿಲಿಮೀಟರಿನಲ್ಲಿ ಇನ್ನೊಂದು ಅಂಕಿ ಇರುತ್ತದೆ. ಅದು ದಾರಿ ಪೂರ್ತಿ ಮುಚ್ಚಿದಾಗ ಫ್ಯಾನ್ ಎಷ್ಟು ಒತ್ತಬಲ್ಲದು ಅನ್ನುವುದರ ಅಳತೆ. ನಿಜವಾದ ಕ್ಯಾಬಿನೆಟ್ಟಿನಲ್ಲಿ ಫ್ಯಾನ್ ಕೆಲಸ ಮಾಡುವುದು ಈ ಎರಡರ ನಡುವೆ ಎಲ್ಲೋ.

ಒಂದೇ ಕಂಪನಿಯ ಎರಡು ಫ್ಯಾನ್ ಪಕ್ಕಪಕ್ಕ ಇಟ್ಟರೆ ಇದು ಸ್ಪಷ್ಟವಾಗುತ್ತದೆ. ನಾಕ್ಟುವಾದ ಎನ್ಎಫ್-ಎಸ್12ಎ, ಎನ್ಎಫ್-ಎಫ್12, ಎರಡೂ 120 ಮಿ.ಮೀ. ಎಸ್12ಎ 1200 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 1200 ಸುತ್ತಿನಲ್ಲಿ, ಗಂಟೆಗೆ 107.5 ಘನ ಮೀಟರ್ ಗಾಳಿ ತಳ್ಳುತ್ತದೆ, ಒತ್ತಡ 1.19 ಮಿ.ಮೀ. ಎಫ್12 ತಿರುಗುವುದು 1500ರಲ್ಲಿ, ಗಾಳಿ 93.4 ಘನ ಮೀಟರ್ ಮಾತ್ರ, ಒತ್ತಡ ಮಾತ್ರ 2.61 ಮಿ.ಮೀ. ಬರೀ ಗಾಳಿಯ ಅಂಕಿ ನೋಡಿದವರು ಎಸ್12ಎ ಒಯ್ಯುತ್ತಾರೆ. ಹಿಂದುಗಡೆ ದೊಡ್ಡ ತೂತಿನ ಎದುರು ಕೂರಿಸುವುದಾದರೆ ಅದೇ ಸರಿ, ಸದ್ದೂ ಕಡಿಮೆ. ಅದನ್ನೇ ಲಿಕ್ವಿಡ್ ಕೂಲರಿನ ಒತ್ತಾದ ರೆಕ್ಕೆಗಳ ರೇಡಿಯೇಟರಿಗೋ ಮುಂದುಗಡೆ ದೂಳಿನ ಫಿಲ್ಟರಿನ ಹಿಂದೆಯೋ ಕೂರಿಸಿದರೆ ಸೊರಗುತ್ತದೆ, ಅಲ್ಲಿಗೆ ಬೇಕಾದದ್ದು ಎಫ್12ರಂಥದು. ನಾಕ್ಟುವಾದ ಬೆಲೆ ಎಲ್ಲರಿಗೂ ಎಟುಕುವುದಲ್ಲ ಬಿಡಿ. ಆರ್ಕ್ಟಿಕ್ ಕಂಪನಿಯ ಪಿ12 ಕೂಡ ಒತ್ತಡದಲ್ಲಿ ಗಟ್ಟಿ, 1800 ಆರ್‌ಪಿಎಂನಲ್ಲಿ 2.2 ಮಿ.ಮೀ. ಬಜೆಟ್ ಬಿಲ್ಡ್ ಬಂದಾಗ ನನ್ನ ಕೈ ಮೊದಲು ಹೋಗುವುದು ಅದರ ಕಡೆಗೇ.

ಸದ್ದಾಗಬಾರದು ಅಂತ ವೇಗ ಇಳಿಸುವವರು ಇಲ್ಲೊಂದು ಲೆಕ್ಕ ಮರೆಯುತ್ತಾರೆ. ವೇಗ ಅರ್ಧವಾದರೆ ಗಾಳಿಯೂ ಸುಮಾರು ಅರ್ಧವಾಗುತ್ತದೆ, ಒತ್ತಡ ಮಾತ್ರ ಕಾಲು ಭಾಗಕ್ಕೆ ಕುಸಿಯುತ್ತದೆ. ತೆರೆದ ಜಾಲರಿಯ ಹಿಂದೆ ಮೆಲ್ಲಗೆ ತಿರುಗುವ ಫ್ಯಾನ್ ಆರಾಮಾಗಿ ಕೆಲಸ ಮಾಡುತ್ತದೆ. ದೂಳು ಹಿಡಿದ ಫಿಲ್ಟರಿನ ಹಿಂದೆ ಅದೇ ವೇಗದಲ್ಲಿ ತಿರುಗುತ್ತಿದ್ದರೂ ತಿರುಗದ ಹಾಗೆಯೇ. ಅದಕ್ಕೇ ಜಾಗವಿದ್ದಲ್ಲಿ 140 ಮಿ.ಮೀ. ಹಾಕಿ ಅನ್ನುತ್ತೇನೆ, ಅಷ್ಟೇ ಗಾಳಿಯನ್ನು ಕಡಿಮೆ ವೇಗದಲ್ಲಿ ಕೊಡುತ್ತದೆ. ಕೊಳ್ಳುವ ಮೊದಲು ಕ್ಯಾಬಿನೆಟ್ಟಿನಲ್ಲಿ ಅದರ ಸ್ಕ್ರೂ ತೂತಿದೆಯೇ ನೋಡಿಕೊಳ್ಳಿ: 120ಕ್ಕೆ ತೂತಿನಿಂದ ತೂತಿಗೆ 105 ಮಿ.ಮೀ., 140ಕ್ಕೆ 124.5.

ಎಷ್ಟು ಗಾಳಿ ಬೇಕು ಅನ್ನುವುದಕ್ಕೂ ಊಹೆ ಬೇಕಾಗಿಲ್ಲ. ಗೇಮ್ ಓಡುವಾಗ ಒಳಗೆ 300 ವ್ಯಾಟ್ ಶಾಖ ಹುಟ್ಟುತ್ತದೆ ಅಂದುಕೊಳ್ಳಿ. ಹೊರಹೋಗುವ ಗಾಳಿ ಒಳಬರುವ ಗಾಳಿಗಿಂತ 10 ಡಿಗ್ರಿ ಮಾತ್ರ ಬಿಸಿಯಾಗಿರಬೇಕು ಅಂದರೆ ನಿಜವಾಗಿ ಹರಿಯಬೇಕಾದದ್ದು ಸುಮಾರು 53 ಸಿಎಫ್ಎಂ. ಇದು ಸಮುದ್ರ ಮಟ್ಟದ ಲೆಕ್ಕ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ಹತ್ತಿರ ಹತ್ತಿರ ಶೇ. 10ರಷ್ಟು ತೆಳು, ಅಷ್ಟು ಹೆಚ್ಚು ಹರಿಯಬೇಕು. ಜಾಲರಿ ಮುಖದ ಕ್ಯಾಬಿನೆಟ್ಟಿನಲ್ಲಿ ಮುಂದೆ ಎರಡು, ಹಿಂದೆ ಒಂದು ಫ್ಯಾನ್ ಇದ್ದರೆ ಇದು ದೊಡ್ಡ ಮಾತೇ ಅಲ್ಲ. ಗಾಜಿನ ಮುಖದ ಹಿಂದೆ ಏಳು ಫ್ಯಾನಿಗೂ ಕಷ್ಟ.

ರಾಯಚೂರು, ಕಲಬುರಗಿ ಕಡೆಯ ಗಿರಾಕಿಗಳು "ನಮ್ಮೂರಾಗ ಬಿಸ್ಲು ಜಾಸ್ತಿ ರೀ, ಇನ್ನೆರಡು ಫ್ಯಾನ್ ಹಾಕ್ರಿ" ಅನ್ನುತ್ತಾರೆ. ಕೋಣೆಯೇ 40 ಡಿಗ್ರಿ ಇದ್ದರೆ ಒಳಗಿನ ಗಾಳಿಯನ್ನು ಯಾವ ಫ್ಯಾನೂ ಅದಕ್ಕಿಂತ ಕೆಳಗೆ ಇಳಿಸುವುದಿಲ್ಲ. ಕೋಣೆಗಿಂತ ಎಷ್ಟು ಹೆಚ್ಚು ಬಿಸಿ ಅನ್ನುವುದನ್ನಷ್ಟೇ ಅದು ಕಡಿಮೆ ಮಾಡಬಲ್ಲದು. ಆ ಊರುಗಳಿಗೆ ಮೊದಲು ಒಳ್ಳೆಯ ಜಾಲರಿ ಮುಖ, ತೆಗೆದು ತೊಳೆಯಲು ಬರುವ ಫಿಲ್ಟರ್. ಒಳಗೆಳೆಯುವ ಗಾಳಿ ಹೊರಹಾಕುವುದಕ್ಕಿಂತ ಸ್ವಲ್ಪ ಹೆಚ್ಚಿರಲಿ. ಆಗ ಸಂದುಗೊಂದುಗಳಿಂದ ಗಾಳಿ ಹೊರಗೇ ಹೋಗುತ್ತದೆ, ದೂಳು ಬರುವುದಾದರೆ ಫಿಲ್ಟರ್ ದಾಟಿಯೇ ಬರಬೇಕು. ಉಲ್ಟಾ ಮಾಡಿದರೆ ಹಿಂದಿನ ಸ್ಲಾಟು, ಯುಎಸ್‌ಬಿ ತೂತು ಎಲ್ಲವೂ ದೂಳಿನ ಬಾಗಿಲೇ.

ಮೇಲುಗಡೆ ಮೂರು ಜಾಗ ಇದೆ ಅಂತ ಮೂರಕ್ಕೂ ಎಗ್ಸಾಸ್ಟ್, ಅಂದರೆ ಗಾಳಿ ಹೊರದೂಡುವ ಫ್ಯಾನ್, ಹಾಕಿಸುವವರು ಬಹಳ. ಅದರಲ್ಲಿ ಎಲ್ಲಕ್ಕಿಂತ ಮುಂದಿನದು ಈಗಷ್ಟೇ ಒಳಬಂದ ತಣ್ಣನೆ ಗಾಳಿಯನ್ನು ಪ್ರೊಸೆಸರಿಗೆ ಮುಟ್ಟುವ ಮೊದಲೇ ಹೊರಗೆ ಎಳೆದುಬಿಡುತ್ತದೆ. ಆ ಒಂದನ್ನು ಬಿಚ್ಚಿ ಗಿರಾಕಿ ಕೈಗೆ ಕೊಟ್ಟರೆ ಮುಖ ನೋಡುತ್ತಾರೆ.

ವೈರಿನ ವಿಷಯ ಬೇಗ ಮುಗಿಸುತ್ತೇನೆ. ನಾಲ್ಕು ಪಿನ್ನಿನ ಪಿಡಬ್ಲ್ಯುಎಂ ಫ್ಯಾನನ್ನೇ ತಗೊಳ್ಳಿ, ವೇಗ ಹಿಡಿತದಲ್ಲಿರುತ್ತದೆ. ಕರೆಂಟ್ ಕೊಡುವ ಎಸ್ಎಂಪಿಎಸ್‌ನ ಮೋಲೆಕ್ಸ್ ಪ್ಲಗ್ಗಿಗೆ ನೇರ ಸಿಕ್ಕಿಸುವಂಥವು ಹಗಲೂ ರಾತ್ರಿ ಪೂರ್ತಿ ವೇಗದಲ್ಲಿ ಕಿರುಚುತ್ತಿರುತ್ತವೆ. ಮದರ್‌ಬೋರ್ಡಿನ ಫ್ಯಾನ್ ಸಿಕ್ಕಿಸುವ ಒಂದು ಹೆಡರಿನ ಮಿತಿ ಸಾಮಾನ್ಯವಾಗಿ 1 ಆಂಪಿಯರ್, ಒಂದೇ ಹೆಡರಿಗೆ ಹಲವು ಫ್ಯಾನ್ ಕೂಡಿಸುವ ಸ್ಪ್ಲಿಟರ್ ಹಾಕುವಾಗ ಫ್ಯಾನಿನ ಬೆನ್ನಿನ ಮೇಲೆ ಬರೆದ ಆಂಪಿಯರ್ ಕೂಡಿಸಿ ನೋಡಿ. ಒಂದೊಂದು ದೀಪಕ್ಕೂ ಬೇರೆ ಬಣ್ಣ ಕೊಡಬಹುದಾದ ಎಆರ್‌ಜಿಬಿ ಲೈಟು 5 ವೋಲ್ಟಿನದು, ಎಲ್ಲಕ್ಕೂ ಒಂದೇ ಬಣ್ಣ ಬರುವ ಹಳೆಯ ಆರ್‌ಜಿಬಿ 12 ವೋಲ್ಟಿನದು. 5ರದ್ದನ್ನು 12ಕ್ಕೆ ಒತ್ತಿ ಕೂರಿಸಿದರೆ ಲೈಟು ಅಲ್ಲಿಗೇ ಢಮಾರ್. ಅಗ್ಗದ ಸ್ಲೀವ್ ಬೇರಿಂಗ್ ಫ್ಯಾನನ್ನು ಮೇಲ್ಗಡೆ ಮಲಗಿಸಿ ಹಾಕಿದರೆ ಬೇಗ ಗರಗರ ಶುರುವಾಗುತ್ತದೆ, ಅಲ್ಲಿಗೆ ಫ್ಲೂಯಿಡ್ ಬೇರಿಂಗೋ ಬಾಲ್ ಬೇರಿಂಗೋ ಇರಲಿ.

ಗಾಜಿನ ಮುಖದ ಕ್ಯಾಬಿನೆಟ್ ಈಗಾಗಲೇ ಕೊಂಡಾಗಿದೆ ಅನ್ನುವವರಿಗೂ ದಾರಿ ಇದೆ. ಕೆಳಗೋ ಪಕ್ಕದಲ್ಲೋ ಜಾಲರಿ ಇದ್ದರೆ ಗಾಳಿ ಎಳೆಯುವ ಫ್ಯಾನುಗಳನ್ನು ಅಲ್ಲಿಗೆ ಬದಲಾಯಿಸಿ. ಗಾಜಿನ ಹಿಂದಿನವು ಲೈಟಿಗೆ ಬೇಕಾದರೆ ಉಳಿಯಲಿ. ಕಂಪ್ಯೂಟರ್ ಟೇಬಲ್ಲಿನ ಕೆಳಗೂಡಿನಲ್ಲಿ, ಹಿಂದೆ ಹಲಗೆ ಬಡಿದ ಕಡೆ ಸಿಪಿಯು ತೂರಿಸಿದ್ದರೆ ಮೊದಲು ಅದನ್ನು ಹೊರಗೆ ಎಳೆಯಿರಿ. ಅಲ್ಲಿ ಹೊರಬಿದ್ದ ಬಿಸಿಗಾಳಿಯೇ ಸುತ್ತಿ ಬಂದು ಮತ್ತೆ ಒಳಗೆ ಹೋಗುತ್ತಿರುತ್ತದೆ. ಇದನ್ನು ಫೋನಿನಲ್ಲೇ ಹೇಳಿ ಕಳಿಸಿದರೆ ನಮಗೆ ವ್ಯಾಪಾರವಿಲ್ಲ, ಆದರೆ ಆ ಗಿರಾಕಿ ಮುಂದಿನ ಮಷೀನಿಗೆ ಪಕ್ಕದ ಅಂಗಡಿಗೆ ಹೋಗುವುದಿಲ್ಲ.